ಗಬ್ಬದ ಬೆಕ್ಕಿಗೂ ಬೇಕು ಬಾಣಂತಿ ಕೋಣೆ

ಮೂರು ನಾಲ್ಕು ಬೆಕ್ಕುಗಳಿರುವ ಮನೆಯಲ್ಲಿ ಒಂದು ಗಬ್ಬವಾಯಿತೆಂದರೆ ಮನೆಮಂದಿಯ ಅಕ್ಕರೆಯೆಲ್ಲ ಅದರ ಮೇಲೇ ಹರಿಯುತ್ತದೆ. ಮಕ್ಕಳು ಹೋಗಿ ಬಂದು ಎತ್ತಿಕೊಳ್ಳುತ್ತಾರೆ, ನೆಂಟರು ಹೊಟ್ಟೆ ಮುಟ್ಟಿ ಮರಿಗಳೆಷ್ಟೆಂದು ಲೆಕ್ಕ ಹಾಕುತ್ತಾರೆ, ಅಜ್ಜಿ ಬಟ್ಟಲಿಗೆ ಇನ್ನಷ್ಟು ಹಾಲು ಸುರಿಯುತ್ತಾರೆ. ಈ ಸಡಗರದಲ್ಲಿ ಉಳಿದ ಬೆಕ್ಕುಗಳು ಎಲ್ಲಿ ಕೂತಿವೆ, ಯಾರನ್ನು ದಿಟ್ಟಿಸುತ್ತಿವೆ ಎಂದು ಗಮನಿಸುವವರು ಕಡಿಮೆ. ಬಸುರಿ ಬೆಕ್ಕಿನ ನೆಮ್ಮದಿ ಉಳಿಯುವುದೂ ಕೆಡುವುದೂ ಹೆಚ್ಚಾಗಿ ಅಲ್ಲೇ. ಅದಕ್ಕೆ ನಮ್ಮ ಮುದ್ದಿಗಿಂತ ಹೆಚ್ಚಾಗಿ ಬೇಕಾದದ್ದು ಬೇರೊಂದು ಬೆಕ್ಕು ಬಂದು ನಿಲ್ಲದಂಥ ಜಾಗ, ಆ ಜಾಗಕ್ಕೆ ಹೋಗಿಬರಲು ಅಡ್ಡಿಯಿಲ್ಲದ ದಾರಿ.

ಕಾರಣ ಬೆಕ್ಕಿನ ಹುಟ್ಟುಗುಣದಲ್ಲಿದೆ. ಇಂದಿನ ಸಾಕುಬೆಕ್ಕುಗಳು ಪಶ್ಚಿಮ ಏಷ್ಯಾದ ಕಾಡುಬೆಕ್ಕಿನ ಸಂತತಿ ಎಂದು 2007ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಹೂತಿಟ್ಟಿದ್ದ ಬೆಕ್ಕಿನ ಅಸ್ಥಿಪಂಜರ ಸಿಕ್ಕಿದೆ. ಅದು ಸುಮಾರು 9,500 ವರ್ಷ ಹಿಂದಿನದು. ಇಷ್ಟು ಕಾಲ ನಮ್ಮೊಡನೆ ಬಾಳಿದರೂ ಒಂಟಿಯಾಗಿ ಬೇಟೆಯಾಡಿ ಒಂಟಿಯಾಗಿ ತಿನ್ನುವ ಅದರ ಸ್ವಭಾವ ಹೋಗಿಲ್ಲ. ಗುಂಪಿನಲ್ಲಿ ಬದುಕುವ ಪ್ರಾಣಿಗಳಿಗೆ ಜಗಳವಾದ ಮೇಲೆ ರಾಜಿಯಾಗುವ ಸನ್ನೆಗಳು ಇರುತ್ತವೆ. ಬೆಕ್ಕಿಗೆ ಅವು ತೀರಾ ಕಡಿಮೆ. ಅದು ಜಗಳ ತಪ್ಪಿಸುವುದು ದೂರ ಉಳಿಯುವ ಮೂಲಕ. ಹಳ್ಳಿಯ ಮನೆಯಲ್ಲಿ ಇದಕ್ಕೆ ತೊಂದರೆಯಿಲ್ಲ. ಅಟ್ಟವಿದೆ, ಹಿತ್ತಲಿದೆ, ಕೊಟ್ಟಿಗೆಯಿದೆ, ಹುಲ್ಲಿನ ಬಣವೆಯಿದೆ. ಎರಡು ಕೋಣೆಯ ಫ್ಲ್ಯಾಟಿನಲ್ಲಿ ನಾಲ್ಕು ಬೆಕ್ಕುಗಳಿಗೆ ಇರುವುದು ಒಂದೇ ಹಾಲು, ಒಂದೇ ಕಾರಿಡಾರು. ಅಲ್ಲಿ ದೂರವನ್ನು ನಾವೇ ಕಲ್ಪಿಸಿಕೊಡಬೇಕು.

ಹಾಗೆಂದು ಬೆಕ್ಕುಗಳಿಗೆ ಸಹಬಾಳ್ವೆಯೇ ಗೊತ್ತಿಲ್ಲವೆಂದಲ್ಲ. ಆಹಾರ ಧಾರಾಳವಾಗಿರುವ ಕಡೆ, ಅಂದರೆ ಮೀನು ಮಾರುಕಟ್ಟೆ, ಬಂದರು, ಹಾಲಿನ ಡೇರಿಗಳ ಸುತ್ತ, ಹೆಣ್ಣುಬೆಕ್ಕುಗಳು ಗುಂಪು ಕಟ್ಟಿಕೊಳ್ಳುತ್ತವೆ. ಗುಂಪಿನ ತಿರುಳು ತಾಯಿ, ಮಗಳು, ಅಕ್ಕತಂಗಿಯರು. ಇವು ಒಂದೇ ಗೂಡಿನಲ್ಲಿ ಮರಿ ಹಾಕಿ ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುವುದುಂಟು. ಹೆರಿಗೆಯ ಹೊತ್ತಿನಲ್ಲಿ ಪಕ್ಕದಲ್ಲೇ ಇದ್ದು ಮರಿಯನ್ನು ನೆಕ್ಕಿ ಒಣಗಿಸಿ ಕೊಡುವುದನ್ನೂ ಸಂಶೋಧಕರು ಕಂಡಿದ್ದಾರೆ. ಆದ್ದರಿಂದ ನಿಮ್ಮ ಮನೆಯ ಬಸುರಿ ಬೆಕ್ಕಿಗೆ ಉಳಿದವು ಏನಾಗಬೇಕು ಎಂಬುದು ಮೊದಲ ಪ್ರಶ್ನೆ. ಒಡಹುಟ್ಟಿದ ತಂಗಿಯೊಂದು ಜೊತೆಯಲ್ಲಿದ್ದು ಇಬ್ಬರೂ ಈಗಲೂ ಮೈಗೆ ಮೈ ತಾಗಿಸಿ ಮಲಗುತ್ತಿದ್ದರೆ, ಪರಸ್ಪರ ಕತ್ತು ನೆಕ್ಕುತ್ತಿದ್ದರೆ ಅವುಗಳನ್ನು ಬಲವಂತವಾಗಿ ಬೇರೆ ಮಾಡುವುದೇ ಹಿಂಸೆ. ಬೇರೆ ಬೇರೆ ಕಡೆಯಿಂದ ಬಂದು ಸೇರಿಕೊಂಡವು, ಅದರಲ್ಲೂ ದೊಡ್ಡವಾದ ಮೇಲೆ ಬಂದವು, ಒಂದನ್ನೊಂದು ಸಹಿಸಿಕೊಂಡಿರುತ್ತವೆ ಅಷ್ಟೆ. ಬಸುರಿಯ ಮೈ ಭಾರವಾಗುತ್ತ ಬಂದಂತೆ ಆ ಸಹನೆಯೂ ಸವೆಯುತ್ತದೆ. ಬೀಜ ತೆಗೆಸದ ಬಾವುಗವಿದ್ದರೆ ಮಾತೇ ಬೇರೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಸಹಿಸಿಕೊಂಡಿರುವ ಬೆಕ್ಕುಗಳ ಜಗಳ ಸದ್ದು ಮಾಡುವುದಿಲ್ಲ. ನಮ್ಮ ಬಡಾವಣೆಯ ಮನೆಯೊಂದರಲ್ಲಿ ಕಂಡದ್ದನ್ನು ಹೇಳುತ್ತೇನೆ. ಆ ಮನೆಯಲ್ಲಿ ಮೂರು ಬೆಕ್ಕುಗಳು, ಎಲ್ಲಕ್ಕೂ ಸೇರಿ ಒಂದೇ ಮರಳಿನ ಟ್ರೇ. ಅದೂ ಅಡುಗೆಮನೆ ದಾಟಿ ಹೋಗಬೇಕಾದ ಯುಟಿಲಿಟಿಯಲ್ಲಿ. ಕೆಂಚು ಬಣ್ಣದ ದಪ್ಪನೆಯ ಗಂಡುಬೆಕ್ಕು ಅಡುಗೆಮನೆಯ ಹೊಸ್ತಿಲಿನ ಮೇಲೆ ಮುಂಗಾಲು ಮಡಚಿ ಆರಾಮಾಗಿ ಕೂತಿತ್ತು. ಬಸುರಿ ಬೆಕ್ಕು ಹಾಲಿನಿಂದ ಎದ್ದು ಬಂದು ಊಟದ ಮೇಜಿನ ಕಾಲಿನ ಹತ್ತಿರ ನಿಂತಿತು. ಕೆಂಚ ಮೈ ಅಲುಗಿಸಲಿಲ್ಲ, ಕಣ್ಣು ಮಾತ್ರ ಅದರ ಮೇಲೆ ನೆಟ್ಟಿತು. ಬಸುರಿ ಬೆಕ್ಕು ಅಲ್ಲೇ ಕೂತು, ಏನೋ ನೆನಪಾದಂತೆ ಭುಜವನ್ನು ಎರಡು ಸಲ ಗಡಿಬಿಡಿಯಲ್ಲಿ ನೆಕ್ಕಿಕೊಂಡು, ಗೋಡೆಗೆ ಒತ್ತಿಕೊಂಡೇ ಹಿಂದಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಬಂತು, ಮತ್ತೆ ಹೋಯಿತು. ಗುರುಗುಟ್ಟಲಿಲ್ಲ, ಉಗುರು ಬೀಸಲಿಲ್ಲ. ‘ನಮ್ಮ ಬೆಕ್ಕುಗಳು ಜಗಳವನ್ನೇ ಆಡೋದಿಲ್ಲ ಕಣ್ರೀ, ಆದರೂ ಇದು ಮಡಚಿಟ್ಟ ಬಟ್ಟೆ ಮೇಲೆ ಉಚ್ಚೆ ಹೊಯ್ಯೋಕೆ ಶುರು ಮಾಡಿದೆ, ಬಸುರಿ ಅಲ್ವಾ, ತಡೆಯೋಕೆ ಆಗಲ್ಲವೇನೋ’ ಎಂದರು ಮನೆಯಾಕೆ. ಮಲಗುವ ಕೋಣೆಯ ಮೂಲೆಯಲ್ಲಿ ಇನ್ನೊಂದು ಟ್ರೇ ಇಟ್ಟ ಮೇಲೆ ಬಟ್ಟೆ ಒದ್ದೆಯಾಗುವುದು ನಿಂತಿತು.

ಹೀಗೆ ದಾರಿಯಲ್ಲಿ ಅಡ್ಡ ಕೂರುವುದು, ಎವೆಯಿಕ್ಕದೆ ದಿಟ್ಟಿಸುವುದು, ಇನ್ನೊಂದು ಮಲಗಿದ್ದ ಜಾಗಕ್ಕೆ ಬಂದು ಎಬ್ಬಿಸುವುದು ಬೆಕ್ಕಿನ ದಬ್ಬಾಳಿಕೆಯ ಸಾಮಾನ್ಯ ರೀತಿ. ಒತ್ತಡಕ್ಕೊಳಗಾದ ಬೆಕ್ಕು ಊಟದ ಹೊತ್ತಿಗೆ ಕೊನೆಯಲ್ಲಿ ಬರುತ್ತದೆ, ಬಟ್ಟಲಿಗೆ ಬಾಯಿ ಹಾಕಿ ಹಿಂತಿರುಗಿ ನೋಡುತ್ತದೆ, ಹಗಲೆಲ್ಲ ಮಂಚದ ಕೆಳಗೋ ಬೀರುವಿನ ಮೇಲೋ ಇರುತ್ತದೆ. ಕೆಲವು ಬೆಕ್ಕುಗಳು ಹೊಟ್ಟೆಯ ಕೂದಲು ಉದುರುವಷ್ಟು ನೆಕ್ಕಿಕೊಳ್ಳುತ್ತವೆ. ಇವನ್ನೆಲ್ಲ ‘ಬಸುರಿ ಬಯಕೆ’ ಎಂದು ತಳ್ಳಿಹಾಕುವ ಮನೆಗಳು ಬೇಕಾದಷ್ಟಿವೆ.

ಪಶುವೈದ್ಯರು ಹೇಳುವ ಲೆಕ್ಕ ಸುಲಭವಾದದ್ದು. ಎಷ್ಟು ಬೆಕ್ಕುಗಳಿವೆಯೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಬೇಕು. ಮೂರು ಬೆಕ್ಕಿಗೆ ನಾಲ್ಕು. ಜಾಗವಿಲ್ಲವೆಂದು ನಾಲ್ಕನ್ನೂ ಸಾಲಾಗಿ ಒಂದೇ ಕಡೆ ಇಟ್ಟರೆ ಬೆಕ್ಕಿನ ಪಾಲಿಗೆ ಅದು ಒಂದೇ ಟ್ರೇ, ಏಕೆಂದರೆ ಒಂದು ಬೆಕ್ಕು ಬಾಗಿಲಲ್ಲಿ ಕೂತರೆ ನಾಲ್ಕಕ್ಕೂ ದಾರಿ ಮುಚ್ಚಿತು. ಮುಚ್ಚಳವಿರುವ ಟ್ರೇ ಮನುಷ್ಯರ ಮೂಗಿಗೆ ಅನುಕೂಲ. ಒಳಗಿರುವ ಬೆಕ್ಕಿಗೆ ಹೊರಗೆ ಯಾರು ಕಾದಿದ್ದಾರೆಂದು ಕಾಣುವುದಿಲ್ಲ. ಬಸುರಿ ಬೆಕ್ಕಿನ ಟ್ರೇಗೆ ಮುಚ್ಚಳ ಬೇಡ. ಅಂಚು ತಗ್ಗಾಗಿರಲಿ, ಕೊನೆಯ ವಾರಗಳಲ್ಲಿ ಹೊಟ್ಟೆ ತೂಗಾಡುವಾಗ ಎತ್ತರದ ಅಂಚು ದಾಟುವುದು ಕಷ್ಟ. ದಿನಕ್ಕೊಮ್ಮೆಯಾದರೂ ಬಾಚಿ ತೆಗೆಯಬೇಕು. ಮನೆಯಲ್ಲಿ ಗರ್ಭಿಣಿ ಹೆಂಗಸರಿದ್ದರೆ ಈ ಕೆಲಸ ಬೇರೆಯವರ ಪಾಲಿಗೆ ಹೋಗಲಿ. ಬೆಕ್ಕಿನ ಮಲದಿಂದ ಹರಡುವ ಟಾಕ್ಸೋಪ್ಲಾಸ್ಮಾ ಎಂಬ ಪರಾವಲಂಬಿ ಸೋಂಕು ತರುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ಹಾಗಾಗಿ ಪ್ರತಿದಿನ ತೆಗೆದುಹಾಕಿದರೆ ಅಪಾಯ ಬಹಳ ಕಡಿಮೆ.

ಊಟದ ಬಟ್ಟಲಿಗೂ ಇದೇ ಮಾತು. ಒಂದೇ ದೊಡ್ಡ ತಟ್ಟೆಯಲ್ಲಿ ನಾಲ್ಕೂ ಮೂತಿ ಇಟ್ಟು ತಿನ್ನುವುದು ಫೋಟೋಗೆ ಚೆಂದ. ಬಟ್ಟಲುಗಳು ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಬೇರೆ ಬೇರೆ ಕೋಣೆಗಳಲ್ಲಿರಬೇಕು. ನೀರು ಎರಡು ಮೂರು ಕಡೆ ಇರಲಿ. ಇನ್ನು ಎತ್ತರದ ಜಾಗ. ಬೆಕ್ಕಿಗೆ ಎತ್ತರವೆಂದರೆ ಭದ್ರತೆ. ಬಸುರಿ ಬೆಕ್ಕು ಆರನೇ ವಾರದ ಹೊತ್ತಿಗೆ ಬೀರುವಿನ ಮೇಲೆ ನೆಗೆಯಲಾರದು, ನೆಗೆಯಲು ಹೋಗಿ ಜಾರಲೂಬಹುದು. ಒಂದು ಸ್ಟೂಲು, ಅದರ ಪಕ್ಕ ಕುರ್ಚಿ, ಅಲ್ಲಿಂದ ಕಿಟಕಿಯ ಕಟ್ಟೆ: ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿಕೊಟ್ಟರೆ ಅದು ಮೇಲಿನಿಂದ ಎಲ್ಲರ ಮೇಲೆ ಕಣ್ಣಿಟ್ಟು ನಿಶ್ಚಿಂತೆಯಿಂದ ಮಲಗುತ್ತದೆ. ಆ ಜಾಗಕ್ಕೆ ಹತ್ತಲು ಒಂದು ಕಡೆ, ಇಳಿಯಲು ಇನ್ನೊಂದು ಕಡೆ ಇರಬೇಕು. ಒಂದೇ ದಾರಿಯಿದ್ದರೆ ಅದು ಬೋನಾಗುತ್ತದೆ.

ಬೆಕ್ಕಿನ ಗಬ್ಬದ ಅವಧಿ ಹೆಚ್ಚುಕಡಿಮೆ ಒಂಬತ್ತು ವಾರ, 63ರಿಂದ 67 ದಿನ. ಮೂರು ವಾರ ತುಂಬುವ ಹೊತ್ತಿಗೆ ಮೊಲೆತೊಟ್ಟುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಉಬ್ಬುತ್ತವೆ. ಮನೆಯವರಿಗೆ ಸಿಗುವ ಮೊದಲ ಸುಳಿವು ಇದೇ. ನಾಲ್ಕನೇ ವಾರದ ಹೊತ್ತಿಗೆ ಸ್ಕ್ಯಾನ್‌ನಲ್ಲಿ ಮರಿಗಳ ಎದೆಬಡಿತ ಕಾಣುತ್ತದೆ. ಎಷ್ಟು ಮರಿಗಳೆಂದು ಸರಿಯಾಗಿ ಎಣಿಸಲು ಮೂಳೆ ಗಟ್ಟಿಯಾಗುವ 45 ದಿನದ ನಂತರ ಎಕ್ಸ್‌ರೇ ಬೇಕು. ಈ ಎಣಿಕೆಗೆ ಮುಂದೆ ಬಹಳ ಬೆಲೆಯಿದೆ: ನಾಲ್ಕು ಎಂದು ಗೊತ್ತಿದ್ದಾಗ ಮೂರಕ್ಕೆ ಹೆರಿಗೆ ನಿಂತರೆ ಇನ್ನೊಂದು ಒಳಗಿದೆಯೆಂದು ನಿಮಗೆ ತಿಳಿಯುತ್ತದೆ.

ಆದರೆ ಆಸ್ಪತ್ರೆಗೆ ಹೋಗಿಬರುವುದೇ ಬಹು ಬೆಕ್ಕುಗಳ ಮನೆಯಲ್ಲಿ ಹೊಸ ತಲೆನೋವು ತರುತ್ತದೆ. ಬೆಕ್ಕು ತನ್ನವರನ್ನು ಗುರುತಿಸುವುದು ಕಣ್ಣಿಗಿಂತ ಹೆಚ್ಚಾಗಿ ಮೂಗಿನಿಂದ. ಕೆನ್ನೆಯಲ್ಲಿ, ಗಲ್ಲದಲ್ಲಿ, ಬಾಲದ ಬುಡದಲ್ಲಿ ಅದಕ್ಕೆ ವಾಸನೆಯ ಗ್ರಂಥಿಗಳಿವೆ. ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ, ಜೊತೆಯ ಬೆಕ್ಕಿನ ಮೈಗೆ ಕೆನ್ನೆ ತಿಕ್ಕಿ ತಿಕ್ಕಿ ಇಡೀ ಮನೆಗೆ ಒಂದು ಕೂಡು ವಾಸನೆ ಕಟ್ಟಿಕೊಂಡಿರುತ್ತವೆ. ಸ್ಪಿರಿಟ್, ಜೆಲ್, ಅಪರಿಚಿತ ನಾಯಿಗಳ ವಾಸನೆ ಹೊತ್ತು ಬಂದ ಬಸುರಿ ಬೆಕ್ಕು ಉಳಿದವುಗಳ ಮೂಗಿಗೆ ಹೊರಗಿನ ಬೆಕ್ಕು. ಬೆಳಿಗ್ಗೆ ಜೊತೆಗೆ ಉಂಡದ್ದೇ ಸಂಜೆ ಬುಸುಗುಟ್ಟಿ ಮೇಲೆ ಬೀಳುವುದು ಇದರಿಂದ. ಆಸ್ಪತ್ರೆಯಿಂದ ಬಂದ ಕೂಡಲೇ ಬುಟ್ಟಿಯ ಬಾಗಿಲು ತೆರೆದು ಹಾಲಿನಲ್ಲಿ ಬಿಡಬೇಡಿ. ಒಂದು ಕೋಣೆಯಲ್ಲಿ ಇಟ್ಟು, ಅದು ತಾನೇ ಮೈ ನೆಕ್ಕಿಕೊಂಡು ತನ್ನ ಹಳೆಯ ವಾಸನೆಗೆ ಮರಳುವವರೆಗೆ, ಅಂದರೆ ರಾತ್ರಿಯಿಡೀ ಎಂದಿಟ್ಟುಕೊಳ್ಳಿ, ಬಾಗಿಲು ಹಾಕಿಡಿ. ಎಲ್ಲರೂ ಮಲಗುವ ಹಳೆಯ ಹೊದಿಕೆಯೊಂದನ್ನು ಬುಟ್ಟಿಯಲ್ಲಿ ಹಾಸಿ ಕರೆದೊಯ್ದರೆ ಇನ್ನೂ ಒಳ್ಳೆಯದು.

ಬೆಕ್ಕಿನ ಕೆನ್ನೆಯ ವಾಸನೆಯನ್ನು ಹೋಲುವ ಕೃತಕ ದ್ರವ್ಯವನ್ನು ಗೋಡೆಯ ಪ್ಲಗ್ಗಿಗೆ ಹಾಕಿಡುವ ಸಾಧನಗಳು ಮಾರುಕಟ್ಟೆಯಲ್ಲಿವೆ. ಕೆಲವು ಮನೆಗಳಲ್ಲಿ ಗುಣ ಕಾಣುತ್ತದೆ, ಕೆಲವು ಕಡೆ ಏನೂ ಆಗುವುದಿಲ್ಲ. ಟ್ರೇ ಒಂದೇ ಇಟ್ಟುಕೊಂಡು ಅದನ್ನು ಕೊಂಡರೆ ಹಣ ದಂಡ ಎಂಬುದು ನನ್ನ ಅಭಿಪ್ರಾಯ. ಅಗರಬತ್ತಿ, ಧೂಪ, ಕರ್ಪೂರ, ಪರಿಮಳ ತೈಲ ಇವು ಬಸುರಿ ಬೆಕ್ಕಿರುವ ಕೋಣೆಗೆ ಬೇಡವೇ ಬೇಡ. ಫಿನಾಯಿಲ್ ಅಂತೂ ಬೆಕ್ಕಿಗೆ ವಿಷ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಸಾಕಷ್ಟಿಲ್ಲ. ನೆಲ ಒರೆಸಿದ ಮೇಲೆ ಪಾದಕ್ಕೆ ಅಂಟಿದ್ದನ್ನು ಅದು ನೆಕ್ಕುತ್ತದೆ, ಆ ದಾರಿಯಲ್ಲಿ ಒಳಗೆ ಹೋಗುತ್ತದೆ. ಬಿಸಿನೀರು, ಸೋಪು ಸಾಕು.

ಇನ್ನು ಕೋಣೆ. ನಮ್ಮ ಮನೆಗಳಲ್ಲಿ ಬಾಣಂತಿಗೆ ಬೇರೆ ಕೋಣೆ ಬಿಟ್ಟುಕೊಡುವ ರೂಢಿ ಇದೆಯಲ್ಲ: ಬೆಳಕು ಕಡಿಮೆ, ಗಾಳಿ ಬೀಸದು, ಕಂಡಕಂಡವರು ಒಳಗೆ ನುಗ್ಗುವಂತಿಲ್ಲ, ಹೋಗುವವರು ಒಂದಿಬ್ಬರೇ. ಗಬ್ಬದ ಬೆಕ್ಕಿಗೆ ಬೇಕಾದದ್ದು ತದ್ವತ್ ಅದೇ. ಹೆರಿಗೆಯ ದಿನ ಎಳೆದುಕೊಂಡು ಹೋಗಿ ಕೂಡಿಹಾಕಿದರೆ ಪ್ರಯೋಜನವಿಲ್ಲ. ಏಳನೇ ವಾರದ ಹೊತ್ತಿಗೆ, ಅಂದರೆ ಸುಮಾರು ಎರಡು ವಾರ ಮೊದಲೇ, ಅದು ಅಲ್ಲಿ ಮಲಗಿ ಎದ್ದು ಆ ಜಾಗ ತನ್ನದೆಂದು ಒಪ್ಪಿಕೊಂಡಿರಬೇಕು. ಅಡುಗೆಮನೆಗೆ ಅಂಟಿದ ಕೋಣೆ ಬೇಡ. ಕುಕ್ಕರಿನ ಸೀಟಿ, ಮಿಕ್ಸಿಯ ಸದ್ದು ನಮಗೆ ಅಭ್ಯಾಸವಾಗಿದೆ, ನಾವು ಕೇಳಲಾರದ ಸೂಕ್ಷ್ಮ ಸದ್ದನ್ನೂ ಹಿಡಿಯುವ ಬೆಕ್ಕಿನ ಕಿವಿಗೆ ಅದು ಯಾತನೆ. ದೀಪಾವಳಿಯ ಆಸುಪಾಸಿನಲ್ಲಿ ದಿನ ತುಂಬುವುದಾದರೆ ರಸ್ತೆಯ ಕಡೆಗಿನ ಕೋಣೆಯೂ ಬೇಡ.

ಪ್ರತ್ಯೇಕ ಕೋಣೆ ಇಲ್ಲದವರು ಏನು ಮಾಡಬೇಕು? ಮಲಗುವ ಕೋಣೆಯ ಒಂದು ಮೂಲೆ, ಖಾಲಿ ಮಾಡಿದ ವಾರ್ಡ್‌ರೋಬಿನ ಕೆಳಗಿನ ಅರೆ, ಬಳಸದ ಬಚ್ಚಲು ಇವೂ ನಡೆಯುತ್ತವೆ. ಮುಖ್ಯವಾದದ್ದು ಬಾಗಿಲು. ಉಳಿದ ಬೆಕ್ಕುಗಳನ್ನು ಹೊರಗಿಡುವ ಬಾಗಿಲೊಂದಿದ್ದರೆ ಅರ್ಧ ಕೆಲಸವಾದಂತೆ. ಪೆಟ್ಟಿಗೆಗೆ ಹಣ ಖರ್ಚು ಮಾಡಬೇಕಿಲ್ಲ. ಬೆಕ್ಕು ಕಾಲು ಚಾಚಿ ಮಲಗಿ ಹೊರಳುವಷ್ಟು ದೊಡ್ಡ ರಟ್ಟಿನ ಡಬ್ಬ ತೆಗೆದುಕೊಳ್ಳಿ. ಒಂದು ಬದಿಯಲ್ಲಿ ತಾಯಿ ದಾಟುವಂತೆ, ಮರಿ ಉರುಳಿ ಹೊರಬೀಳದಂತೆ ನಾಲ್ಕೈದು ಇಂಚು ಅಂಚು ಬಿಟ್ಟು ಕತ್ತರಿಸಿ. ಒಳಗೆ ಹಳೆಯ ಹತ್ತಿ ಸೀರೆ, ಪಂಚೆ ಹಾಸಿ. ಟರ್ಕಿ ಟವೆಲ್ಲಿನ ಎಳೆಗೆ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ. ಇಂಥ ಡಬ್ಬ ಒಂದಕ್ಕಿಂತ ಹೆಚ್ಚಿರಲಿ, ಬೇರೆ ಬೇರೆ ಕಡೆ ಇಡಿ. ಯಾವುದರಲ್ಲಿ ಮರಿ ಹಾಕಬೇಕೆಂದು ಅದೇ ಆರಿಸಿಕೊಳ್ಳಲಿ. ಆಯ್ಕೆ ತನ್ನದೆಂಬ ಭಾವವೇ ಬೆಕ್ಕನ್ನು ಶಾಂತವಾಗಿಡುವ ದೊಡ್ಡ ಮದ್ದು. ನೀವು ತೋರಿಸಿದ್ದನ್ನೆಲ್ಲ ಬಿಟ್ಟು ಮಂಚದ ಕೆಳಗಿನ ಸೂಟ್‌ಕೇಸಿನ ಹಿಂದೆಯೇ ಹೋಗಿ ಕೂತರೆ, ಡಬ್ಬವನ್ನು ಅಲ್ಲಿಗೇ ಒಯ್ಯಿರಿ.

ಕೋಣೆಯ ಕಿಟಕಿಯ ಕಡೆಗೂ ಒಮ್ಮೆ ನೋಡಿ. ಕಾಂಪೌಂಡಿನ ಗೋಡೆಯ ಮೇಲೆ ಬೀದಿಯ ಬಾವುಗ ಬಂದು ಕೂರುವ ಅಭ್ಯಾಸವಿದ್ದರೆ, ಗಾಜಿನ ಈಚೆಗಿನ ಬೆಕ್ಕು ಬೆನ್ನಿನ ಕೂದಲು ನಿಮಿರಿಸಿ ಗುರುಗುಟ್ಟುತ್ತದೆ. ಆ ಹೊತ್ತಿಗೆ ಪಕ್ಕದಲ್ಲಿ ಹಾದುಹೋದದ್ದು ಜೊತೆಯ ಬೆಕ್ಕಾದರೂ ಸರಿ, ನಿಮ್ಮ ಕೈಯಾದರೂ ಸರಿ, ಸಿಟ್ಟು ಅದರ ಮೇಲೆ ತೀರುತ್ತದೆ. ವರ್ಷಗಟ್ಟಲೆ ಚೆನ್ನಾಗಿದ್ದ ಬೆಕ್ಕುಗಳು ಇದ್ದಕ್ಕಿದ್ದಂತೆ ಬದ್ಧ ವೈರಿಗಳಾದವೆಂದು ದೂರುವ ಎಷ್ಟೋ ಮನೆಗಳಲ್ಲಿ ಕಾರಣ ಕಿಟಕಿಯಾಚೆ ಇರುತ್ತದೆ. ಕಿಟಕಿಯ ಕೆಳಗಿನ ಅರ್ಧಕ್ಕೆ ಕಾಗದ ಅಂಟಿಸಿದರೆ ಮುಗಿಯಿತು.

ಆಹಾರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ. ಟಾರೀನ್ ಎಂಬ ಪೋಷಕಾಂಶ ಅದಕ್ಕೆ ಮಾಂಸ, ಮೀನಿನಿಂದಲೇ ಬರಬೇಕು, ಅದರ ಕೊರತೆಯಾದರೆ ಗರ್ಭ ನಿಲ್ಲುವುದಿಲ್ಲ, ಮರಿಗಳು ಸರಿಯಾಗಿ ಬೆಳೆಯುವುದಿಲ್ಲ. ಹಾಲು ಅನ್ನ, ಮೊಸರನ್ನದಲ್ಲಿ ಅದು ಸಾಲದು. ದೊಡ್ಡ ಬೆಕ್ಕುಗಳಲ್ಲಿ ಹಲವಕ್ಕೆ ಹಾಲು ಅರಗದೆ ಭೇದಿಯೂ ಆಗುತ್ತದೆ. ಮರಿಗಳಿಗೆಂದು ಮಾರುವ ಬೆಕ್ಕಿನ ಆಹಾರವನ್ನೇ ತಾಯಿಗೆ ಕೊಡಬಹುದು. ಹೆರಿಗೆಯ ಹೊತ್ತಿಗೆ ಅದು ಮಾಮೂಲಿಗಿಂತ ಒಂದೂವರೆ ಪಟ್ಟು ತಿನ್ನುತ್ತದೆ, ಹಾಲೂಡಿಸುವಾಗ ಎರಡು ಮೂರು ಪಟ್ಟು. ಹೊಟ್ಟೆಯಲ್ಲಿ ಜಾಗವಿಲ್ಲದ್ದರಿಂದ ಸ್ವಲ್ಪ ಸ್ವಲ್ಪ, ಹಲವು ಸಲ. ಔಷಧದ ವಿಷಯದಲ್ಲಿ ಒಂದೇ ಮಾತು: ಮನೆಯ ಮಾತ್ರೆ ಡಬ್ಬಿ ತೆರೆಯಬೇಡಿ. ಜ್ವರಕ್ಕೆ ನಾವು ನುಂಗುವ ಪ್ಯಾರಸಿಟಮಾಲ್ ಒಂದೇ ಒಂದು ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ನಾಯಿಗೆಂದು ಕೊಂಡ, ಪರ್ಮೆಥ್ರಿನ್ ಇರುವ ಚಿಗಟದ ಔಷಧವೂ ಹಾಗೆಯೇ. ಗಬ್ಬದಲ್ಲಿರುವಾಗ ಜೀವಂತ ವೈರಸ್ ಇರುವ ಲಸಿಕೆ ಹಾಕಿಸುವಂತಿಲ್ಲ. ಮರಿಗಳ ಮಿದುಳಿಗೆ ಪೆಟ್ಟು ಬೀಳಬಹುದು. ಮನೆಯ ಉಳಿದ ಬೆಕ್ಕುಗಳ ಲಸಿಕೆ ಬಾಕಿಯಿದ್ದರೆ ಏನು ಮಾಡಬೇಕೆಂದು ವೈದ್ಯರನ್ನು ಈಗಲೇ ಕೇಳಿ.

ನೆಮ್ಮದಿಯ ಮಾತು ಬರೀ ಮನಸ್ಸಿನದಲ್ಲ ಎಂಬುದಕ್ಕೆ ಬೆಕ್ಕಿನ ನೆಗಡಿಯೇ ಸಾಕ್ಷಿ. ಹರ್ಪಿಸ್ ಜಾತಿಯ ವೈರಸ್ಸೊಂದು ಬಹಳಷ್ಟು ಬೆಕ್ಕುಗಳ ನರಗಳಲ್ಲಿ ಜೀವನಪೂರ್ತಿ ಅಡಗಿರುತ್ತದೆ. ಮನೆ ಬದಲಾವಣೆ, ಹೊಸ ಬೆಕ್ಕಿನ ಆಗಮನ, ಮರಿಗೆ ಹಾಲೂಡಿಸುವ ದಣಿವು ಇಂಥ ಒತ್ತಡ ಬಿದ್ದ ಸುಮಾರು ಒಂದು ವಾರಕ್ಕೆ ಅದು ಎಚ್ಚೆತ್ತು ಮೂಗು, ಕಣ್ಣಿನ ಸ್ರಾವದಲ್ಲಿ ಹೊರಬರುತ್ತದೆ. ದೊಡ್ಡ ಬೆಕ್ಕು ನಾಲ್ಕು ದಿನ ಸೀನಿ ಸುಧಾರಿಸಿಕೊಳ್ಳುತ್ತದೆ. ಎರಡು ವಾರದ ಮರಿಗೆ ಅದೇ ಸೋಂಕು ಕಣ್ಣು ಕಳೆಯಬಹುದು, ಪ್ರಾಣವನ್ನೂ ತೆಗೆಯಬಹುದು. ಹೆರಿಗೆಯ ಆಸುಪಾಸಿನಲ್ಲಿ ಮನೆಗೆ ಹೊಸ ಬೆಕ್ಕನ್ನು ತರಬೇಡಿ ಎಂದು ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ.

ದಿನ ಹತ್ತಿರ ಬಂದಾಗ ತಾಯಿಬೆಕ್ಕು ಊಟ ಬಿಡುತ್ತದೆ, ಬಟ್ಟೆಯನ್ನು ಕೆದರುತ್ತದೆ, ಡಬ್ಬದೊಳಗೆ ಹೋಗಿ ಬಂದು ಮಾಡುತ್ತದೆ. ಕೆಲವು ಗುರುಗುರು ಎನ್ನುತ್ತಲೇ ಇರುತ್ತವೆ. ಅದು ಸಂತೋಷದ ಸದ್ದೆಂದುಕೊಳ್ಳಬೇಡಿ, ನೋವಿನಲ್ಲೂ ಬೆಕ್ಕು ಹಾಗೆ ಮಾಡುತ್ತದೆ. ಈ ಹಂತ ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ನಡೆಯಬಹುದು. ಬಾಗಿಲು ಹಾಕಿ, ಉಳಿದ ಬೆಕ್ಕುಗಳು ಹೊರಗೇ ಇರಲಿ. ಮನೆಯಲ್ಲಿ ಅದು ಹೆಚ್ಚು ನೆಚ್ಚಿಕೊಂಡವರೊಬ್ಬರು ಗೋಡೆಗೊರಗಿ ದೂರದಲ್ಲಿ ಕೂರಬಹುದು. ನೀವು ಎದ್ದು ಹೋದರೆ ಹಿಂದೆಯೇ ಬರುವ ಬೆಕ್ಕಿದ್ದರೆ ನೀವು ಅಲ್ಲೇ ಇರಬೇಕು. ನಿಮ್ಮನ್ನು ಕಂಡು ಮೂಲೆಗೆ ಸರಿಯುವಂಥದ್ದಾದರೆ ಬಾಗಿಲ ಸಂದಿಯಿಂದ ನೋಡಿದರೆ ಸಾಕು. ಮೊಬೈಲ್ ಹಿಡಿದು ಸುತ್ತುವರಿಯುವುದು, ಅಕ್ಕಪಕ್ಕದ ಮಕ್ಕಳನ್ನು ಕರೆದು ತೋರಿಸುವುದು ಬೇಡ. ಹೆದರಿದ ಬೆಕ್ಕಿನ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ, ಅದು ಗರ್ಭಕೋಶವನ್ನು ಸಂಕುಚಿಸುವ ಆಕ್ಸಿಟೋಸಿನ್‌ನ ಕೆಲಸಕ್ಕೆ ತಡೆಯೊಡ್ಡುತ್ತದೆ. ಎರಡು ಮರಿ ಹಾಕಿ ತಾಯಿ ಅರ್ಧಕ್ಕೇ ನಿಲ್ಲಿಸುವುದು, ಮತ್ತೆ ಮನೆ ನಿಶ್ಶಬ್ದವಾದಾಗ ಹಲವು ಗಂಟೆಗಳ ನಂತರ ಉಳಿದವನ್ನು ಹಾಕುವುದು ಬೆಕ್ಕುಗಳಲ್ಲಿ ಅಪರೂಪವಲ್ಲ.

ಮರಿ ಒಂದು ಪಾರದರ್ಶಕ ಚೀಲದಲ್ಲಿ ಹೊರಬರುತ್ತದೆ. ತಾಯಿ ನಾಲಿಗೆಯಿಂದ ಮೊದಲು ಮುಖದ ಮೇಲಿನ ಪೊರೆಯನ್ನೇ ಹರಿಯುತ್ತದೆ. ಆ ಒರಟು ನಾಲಿಗೆಯ ಉಜ್ಜಾಟಕ್ಕೆ ಮರಿ ಬಾಯಿ ತೆರೆದು ಮೊದಲ ಉಸಿರು ಎಳೆದುಕೊಳ್ಳುತ್ತದೆ. ಹೊಕ್ಕುಳಬಳ್ಳಿಯನ್ನು ಕಚ್ಚಿ ತುಂಡರಿಸಿ, ಮಾಸವನ್ನು ತಿಂದು, ಒದ್ದೆ ಕೂದಲು ಒಣಗುವ ತನಕ ನೆಕ್ಕುತ್ತಲೇ ಇರುತ್ತದೆ. ಕಣ್ಣು ಕಿವಿ ಎರಡೂ ಮುಚ್ಚಿರುವ, ಸುಮಾರು ನೂರು ಗ್ರಾಂ ತೂಕದ ಆ ಜೀವ ತಾಯಿಯ ಮೈಬಿಸಿಯ ಜಾಡು ಹಿಡಿದು ಮೊಲೆಯ ಕಡೆಗೆ ತೆವಳುತ್ತದೆ. ಮುಂದಿನ ಮರಿ ಬರಲು ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆ. ಇಲ್ಲಿ ನಮ್ಮ ಕೈಯ ಕೆಲಸ ಏನೂ ಇಲ್ಲ, ತಾಯಿ ಪೊರೆ ಹರಿಯದೆ ಬಿಟ್ಟರೆ ಮಾತ್ರ ನಾವೇ ಮೂಗು ಬಾಯಿ ಬಿಡಿಸಿ ಒಣ ಬಟ್ಟೆಯಿಂದ ಮೃದುವಾಗಿ ಉಜ್ಜಬೇಕು.

ವೈದ್ಯರಿಗೆ ಫೋನು ಮಾಡಲೇಬೇಕಾದ ಹೊತ್ತು ಗೊತ್ತಿರಲಿ. ಇಪ್ಪತ್ತು ಮೂವತ್ತು ನಿಮಿಷ ಜೋರಾಗಿ ಮುಕ್ಕಿದರೂ ಮರಿ ಬರದಿದ್ದರೆ, ಮರಿ ಅರ್ಧ ಹೊರಬಂದು ಸಿಕ್ಕಿಕೊಂಡರೆ, ಮೊದಲ ಮರಿಗೂ ಮುನ್ನ ಹಸಿರು ಸ್ರಾವವೋ ಹೆಚ್ಚು ರಕ್ತವೋ ಕಂಡರೆ, ತಾಯಿ ಮೈ ಬಿಟ್ಟು ಒರಗಿದರೆ ಕಾಯುವಂತಿಲ್ಲ. ಹಾಲೂಡಿಸುವ ದಿನಗಳಲ್ಲಿ ಮೈ ನಡುಗಿ ಕಾಲು ಸೆಟೆದುಕೊಂಡರೆ ಅದು ಕ್ಯಾಲ್ಸಿಯಂ ಕುಸಿತ, ಅದೂ ತುರ್ತೇ. ಸರ್ಕಾರಿ ಪಶು ಆಸ್ಪತ್ರೆ ರಾತ್ರಿ ತೆರೆದಿರುತ್ತದೋ ಇಲ್ಲವೋ, ರಾತ್ರಿ ಎರಡು ಗಂಟೆಗೆ ಬರುವ ಆಟೋ ಯಾವುದು ಎಂಬುದನ್ನೆಲ್ಲ ಮೊದಲೇ ವಿಚಾರಿಸಿ ಗೋಡೆಗೆ ಬರೆದು ಅಂಟಿಸಿ.

ಮರಿ ಹಾಕಿದ ಬೆಕ್ಕು ನಿನ್ನೆಯವರೆಗಿನ ಗೆಳೆಯರ ಮೇಲೂ ಹಾರುತ್ತದೆ. ಗದರಬೇಡಿ, ಬಾವುಗಗಳು ಎಳೆ ಮರಿಗಳನ್ನು ಕೊಲ್ಲುವುದುಂಟು, ತಾಯಿಗೆ ಅದು ಹುಟ್ಟಿನಿಂದಲೇ ತಿಳಿದಿದೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಏಳರ ಲೆಕ್ಕ ಹೇಗೋ ಏನೋ, ಜಾಗ ಬದಲಿಸುವುದಂತೂ ನಿಜ, ಅದರ ಹಿಂದೆ ಬಹುತೇಕ ಭಯವಿರುತ್ತದೆ. ಯಾರೋ ಪದೇ ಪದೇ ಬಗ್ಗಿ ನೋಡಿದರು, ಇನ್ನೊಂದು ಬೆಕ್ಕು ಬಾಗಿಲು ಕೆರೆಯಿತು, ಹಾಸಿದ ಬಟ್ಟೆ ಗಲೀಜಾಗಿ ವಾಸನೆ ಬಂತು: ಅಷ್ಟಕ್ಕೇ ಕತ್ತು ಕಚ್ಚಿ ಹೊರಟುಬಿಡುತ್ತದೆ. ತಾಯಿ ತೀರಾ ಕಂಗೆಟ್ಟರೆ ಮರಿಗಳನ್ನು ತೊರೆಯುವುದೂ ಉಂಟು, ಕೊಂದು ತಿನ್ನುವುದೂ ಉಂಟು. ಜಾಗ ಬದಲಿಸುತ್ತಿದ್ದರೆ ಮರಿಗಳನ್ನು ಹಿಂದಕ್ಕೆ ತಂದಿಡುವ ಹಟ ಬೇಡ. ಹೊಸ ಜಾಗ ಬೆಚ್ಚಗಿದೆಯೇ, ಅಲ್ಲಿಗೆ ಬೇರೆ ಬೆಕ್ಕು ಬರುವುದೇ ಎಂದಷ್ಟೇ ನೋಡಿಕೊಳ್ಳಿ. ಮೊದಲ ವಾರ ಮರಿಗಳಿಗೆ ತಮ್ಮ ಮೈಬಿಸಿ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ, ಗೂಡು ಸುಮಾರು 30 ಡಿಗ್ರಿ ಸೆಲ್ಸಿಯಸ್ ಇರಬೇಕು. ಮಲೆನಾಡಿನ ಮಳೆಗಾಲದಲ್ಲಿ, ಬೆಂಗಳೂರಿನ ಡಿಸೆಂಬರಿನಲ್ಲಿ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯೊಂದನ್ನು ಡಬ್ಬದ ಅರ್ಧಕ್ಕೆ ಮಾತ್ರ ತಾಗುವಂತೆ ಇಡಿ. ಸೆಕೆಯಾದ ಮರಿ ಇನ್ನರ್ಧಕ್ಕೆ ಸರಿದುಕೊಳ್ಳಲಿ. ತಾಯಿ ಊಟಕ್ಕೆಂದು ಎದ್ದು ಹೋದಾಗ ಅಡುಗೆಮನೆಯ ತಕ್ಕಡಿಯಲ್ಲಿ ಮರಿಗಳ ತೂಕ ನೋಡಬಹುದು. ದಿನಕ್ಕೆ ಹತ್ತು ಹದಿನೈದು ಗ್ರಾಂ ಏರುತ್ತಿದ್ದರೆ ಎಲ್ಲ ಸರಿಯಿದೆ ಎಂದರ್ಥ.

ಉಳಿದ ಬೆಕ್ಕುಗಳ ಭೇಟಿಗೆ ಆತುರ ಬೇಡ. ಮೂರು ನಾಲ್ಕು ವಾರಕ್ಕೆ ಮರಿಗಳು ಡಬ್ಬದಿಂದ ಹೊರಬಿದ್ದು ಓಡಾಡತೊಡಗಿದಾಗ ಶುರು ಮಾಡಬಹುದು. ಅಲ್ಲಿಯವರೆಗೆ ಮರಿಗಳ ಹಾಸಿಗೆಯ ಬಟ್ಟೆ ಹೊರಗೆ, ಹೊರಗಿನವುಗಳ ಬಟ್ಟೆ ಒಳಗೆ, ಹೀಗೆ ವಾಸನೆಯ ಪರಿಚಯ ಆಗುತ್ತಿರಲಿ. ಬಟ್ಟೆ ಮೂಸಿ ಬುಸುಗುಟ್ಟುವ ಬೆಕ್ಕಿಗೆ ಇನ್ನೂ ಕಾಲ ಕೂಡಿಬಂದಿಲ್ಲ. ಮೂಸಿ ಅದರ ಮೇಲೇ ಮಲಗುವ ಬೆಕ್ಕಿಗೆ ಬಾಗಿಲ ಸಂದಿಯಿಂದ ಮರಿಗಳನ್ನು ತೋರಿಸಬಹುದು. ಹೊರಗಿರುವ ಬೆಕ್ಕುಗಳಿಗೂ ಈ ವಾರಗಳು ಕಷ್ಟದವೇ. ಕೋಣೆಯೊಂದು ಕೈಬಿಟ್ಟಿದೆ, ಮನೆಯವರ ಗಮನ ತಪ್ಪಿದೆ. ಅವುಗಳ ಊಟ, ಆಟದ ಹೊತ್ತು ಬದಲಾಗದಂತೆ ನೋಡಿಕೊಂಡರೆ ಅವು ಬಾಗಿಲ ಬಳಿ ಕಾಯುವುದನ್ನು ಬಿಡುತ್ತವೆ.

ಬಾವುಗದ ವಿಷಯ ಹೇಳುತ್ತೇನೆಂದಿದ್ದೆ. ಮರಿಗಳು ಇನ್ನೂ ಮೊಲೆ ಕುಡಿಯುತ್ತಿರುವಾಗಲೇ ತಾಯಿಬೆಕ್ಕು ಮತ್ತೆ ಬೆದೆಗೆ ಬರಬಲ್ಲದು, ಗಬ್ಬವಾಗಬಲ್ಲದು. ಹಗಲು ಉದ್ದವಿರುವ ಕಾಲದಲ್ಲಿ ಬೆದೆಗೆ ಬರುವುದು ಬೆಕ್ಕಿನ ರೀತಿ. ನಮ್ಮ ನಾಡಿನಲ್ಲಿ ಹಗಲಿನ ಉದ್ದ ಅಷ್ಟೇನೂ ಏರಿಳಿಯುವುದಿಲ್ಲವಾದ್ದರಿಂದ ಅದಕ್ಕೆ ಬಿಡುವಿನ ಕಾಲವೇ ಇಲ್ಲದಂತಾಗಿದೆ. ಹೆಣ್ಣುಮರಿ ನಾಲ್ಕು ತಿಂಗಳಿಗೇ ಗಬ್ಬ ಕಟ್ಟಬಹುದು. ಅಣ್ಣ ತಂಗಿ ಎಂಬ ವ್ಯತ್ಯಾಸ ಬೆಕ್ಕಿಗಿಲ್ಲ. ಹೀಗಾಗಿ ಈಗ ಮನೆಯಲ್ಲಿರುವ ಗಂಡುಬೆಕ್ಕಿಗೆ ತಾಯಿ ಗಬ್ಬದಲ್ಲಿರುವಾಗಲೇ ಶಸ್ತ್ರಚಿಕಿತ್ಸೆ ಮಾಡಿಸಿ. ಮಾಡಿಸಿದ ಮೇಲೂ ಕೆಲವು ವಾರ ಅದರಿಂದ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ ಅಷ್ಟು ದಿನ ಬೇರೆಯೇ ಇಡಿ. ಮರಿಗಳು ಹಾಲು ಬಿಟ್ಟು, ತಾಯಿಯ ಮೊಲೆ ಬತ್ತಿದ ಮೇಲೆ ಅದರ ಸರದಿ. ಮರಿಗಳನ್ನು ಕೇಳಿಕೊಂಡು ಬರುವವರಿಗೆ ಎಂಟು ವಾರ ತುಂಬುವ ಮುಂಚೆ ಕೊಡಬೇಡಿ, ಐದು ತಿಂಗಳೊಳಗೆ ಅವಕ್ಕೂ ಶಸ್ತ್ರಚಿಕಿತ್ಸೆ ಮಾಡಿಸುವುದಾಗಿ ಮಾತು ತೆಗೆದುಕೊಂಡೇ ಕೊಡಿ. ಗಬ್ಬ ತೀರಾ ಎಳೆಯದಿದ್ದು ಮರಿಗಳನ್ನು ಸಾಕುವ, ಕೊಡುವ ದಾರಿ ಕಾಣದಿದ್ದರೆ ಆಗಲೇ ಶಸ್ತ್ರಚಿಕಿತ್ಸೆ ಮಾಡಲು ಬರುತ್ತದೆ. ಸಂಕೋಚಪಡದೆ ವೈದ್ಯರೊಡನೆ ಮಾತಾಡಿ. ತಾಯಿಗೆ ಮುಂದಿನ ಬೆದೆ ಬರುವ ಮೊದಲು, ಮರಿಗಳ ಮೊದಲ ಲಸಿಕೆಗೆ ಹೋದ ದಿನವೇ ಅದರ ಶಸ್ತ್ರಚಿಕಿತ್ಸೆಯ ದಿನಾಂಕವನ್ನೂ ಗೊತ್ತುಮಾಡಿಕೊಂಡು ಬನ್ನಿ.